ಲಗೇಜು

ಅದಕ್ಕೊಂದು ಸೀಟು ಕೊಟ್ಟಿದ್ದಳು, ಕಿಟಕಿ ಪಕ್ಕದ್ದು.
ಮೈಸೂರು ಬಿಟ್ಟ ಏಳೂವರೆ ಬಸ್ಸು,
ಕಂಬಿಗೆ ನಾಲ್ವರು ಜೋತುಬಿದ್ದಿದ್ದಾರೆ,
ಬ್ಯಾಗು ಮಾತ್ರ ಹಾಯಾಗಿ ಕೂತಿದೆ
ಹುರಿದ ಹುರುಳಿ ಬಣ್ಣದ್ದು.

"ಎತ್ಕೊಳ್ಳಿ ಮೇಡಂ, ಇಲ್ಲಾಂದ್ರೆ ಲಗೇಜು ಹರೀತೀನಿ"
ಅಂದೆ. ಹಸುಗೂಸಿನಂತೆ ಎರಡೂ ಕೈಲಿ ಎತ್ತಿ
ತೊಡೆ ಮೇಲಿಟ್ಟುಕೊಂಡಳು.
ಎತ್ತುವಾಗ ನನ್ನ ಮೊಣಕೈಗೆ ತಾಗಿತು.
ಅಷ್ಟೇ, ತಾಗಿದ್ದು.

ಹಿಂದಿನ ಸೀಟಿನ ಹುಡುಗಿಯರು ಪಿಸುಗುಟ್ಟಿದರು:
ಒರಿಜಿನಲ್ ಆದ್ರೆ ಎರಡು ಲಕ್ಷ ಕಣೇ.
ಫಸ್ಟ್ ಕಾಪಿ ಇರ್ಬೇಕು ಬಿಡೇ.

ಶ್ರೀರಂಗಪಟ್ಟಣ ಬರುವಷ್ಟರಲ್ಲಿ
ಟಿಕೆಟ್ಟಿನ ಬೆನ್ನಿಗೆ ಬರೆದುಕೊಂಡೆ:
ಬಾಯಿ ಒಂದು ಗೇಣು, ತಳ ಚಪ್ಪಟೆ,
ಹೆಗಲು ಬಿಂದಿಗೆಯಂತೆ ಇಳಿಜಾರು,
ಹಿಡಿ ಎರಡು.
ಎದುರಿಗೆ ಚಿನ್ನದ ಎರಡಕ್ಷರ,
ಓದಲು ಪುರಸೊತ್ತಾಗಲಿಲ್ಲ.

ತೊಗಲು ಮನೆಯಲ್ಲೇ ಇತ್ತು, ಅಟ್ಟದ ಮೇಲೆ:
ಕೆಲಸಕ್ಕೆ ಸೇರಿದ ವರ್ಷ ಕೊಟ್ಟ ಕ್ಯಾಷ್ ಬ್ಯಾಗು.
ಮಿಷನ್ನು ಬಂತು, ರೆಕ್ಸಿನ್ ಬಂತು,
ಅದು ಹಪ್ಪಳದಂತೆ ಒಣಗಿ ಮೂಲೆ ಸೇರಿತ್ತು.
ಮೂರು ರಾತ್ರಿ ಹರಳೆಣ್ಣೆ ಕುಡಿಸಿದೆ.
ನಾಲ್ಕನೆಯ ರಾತ್ರಿ ಬಗ್ಗಿತು, ವಾಸನೆ ಬಿಟ್ಟಿತು,
ಚಿಲ್ಲರೆಯದು, ಬೆವರಿನದು, ಕಂಬಿಯ ತುಕ್ಕಿನದು.
ನಮ್ಮೆಜಮಾನರು ಚಾಪೆ ಎತ್ತಿಕೊಂಡು ಹಜಾರಕ್ಕೆ ಹೋದರು.

ಹೋದ ವರ್ಷದ ಕ್ಯಾಲೆಂಡರು ಕತ್ತರಿಸಿ ಅಳತೆ ಮಾಡಿದೆ.
ಮುಚ್ಚಳ ಜುಲೈಯಲ್ಲಿ ಬಂತು, ತಳ ಡಿಸೆಂಬರಿನಲ್ಲಿ,
ಒಂದು ಪಕ್ಕ ಪೂರ್ತಿ ರಾಹುಕಾಲ.
ರವಿಕೆ ಹೊಲಿಯುವ ಮಿಷನ್ನು
ಎರಡು ಸೂಜಿ ಮುರಿದು ಕೈಚೆಲ್ಲಿತು.

ಮಂಡ್ಯ ಸ್ಟ್ಯಾಂಡಿನ ಗೇಟಲ್ಲಿ ಕೂರುವ ಚಿಕ್ಕಮಾದಯ್ಯ
ದಬ್ಬಳ ಕೊಟ್ಟ, ಮೇಣ ತಿಕ್ಕಿದ ದಾರ ಕೊಟ್ಟ,
ದುಡ್ಡು ಬ್ಯಾಡ ಅಂದ, ಆಮೇಲೆ ಇಪ್ಪತ್ತು ಇಸ್ಕೊಂಡ.
"ಎಲ್ಡು ಸೂಜಿ ಕನಕ್ಕ, ಒಂದೇ ತೂತು.
ಒಂದು ಓಯ್ತದೆ, ಒಂದು ಬತ್ತದೆ,
ನಿನ್ ಬಸ್ಸಿದ್ದಂಗೆ ಅನ್ಕೊ.
ಎದುರುಬದ್ರು ಸಿಕ್ದಾಗ ದಾರ ಚುಚ್ಚಬ್ಯಾಡ,
ವಸಿ ಸೈಡು ಕೊಡು."

ಬಟ್ಟೆಯಾದರೆ ಬಿಚ್ಚಿ, ನೀರು ಚಿಮುಕಿಸಿ, ಇಸ್ತ್ರಿ ಹಾಕಿದರೆ
ನಮ್ಮ ತಪ್ಪನ್ನು ನುಂಗಿಕೊಳ್ಳುತ್ತದೆ.
ಇದಕ್ಕೆ ಚುಚ್ಚಿದ್ದು ಚುಚ್ಚಿದ್ದೇ.
ಬಲಮೂಲೆಯಲ್ಲಿ ಮೂರು ತೂತು ಹೆಚ್ಚಿಗೆ ಇವೆ,
ಮೊದಲ ದಿನದವು.

ಹೇಳಲು ಮರೆತೆ. ಹಳೇ ಚೀಲ ಬಿಚ್ಚುವಾಗ
ಎರಡು ಪದರದ ನಡುವೆ ಐದರ ಬಿಲ್ಲೆ ಸಿಕ್ಕಿತು,
ದಪ್ಪನೆಯದು, ಆಗಿನ ಕಾಲದ್ದು.
ಆ ಐದು ರೂಪಾಯಿ!
ತೂಬಿನಕೆರೆಯಲ್ಲಿ ಚೆಕಿಂಗ್ ಹತ್ತಿದಾಗ ಕಡಿಮೆ ಬಂದಿದ್ದು,
ಮೆಮೊ ಆಗಿದ್ದು,
ಆರು ತಿಂಗಳ ಕೂಸನ್ನು ಮನೇಲಿ ಬಿಟ್ಟು
ಎದೆ ಸೋರುತ್ತ, ಡಿಪೋ ಮ್ಯಾನೇಜರ ಮುಂದೆ ನಿಂತು
"ತಿಂದಿಲ್ಲ ಸಾರ್" ಅಂದಿದ್ದು.
ಅಷ್ಟು ದಿನವೂ ನನ್ನ ಸೊಂಟದಲ್ಲೇ ಇತ್ತು,
ಮಾತಾಡಲಿಲ್ಲ.

ಚಿನ್ನದಕ್ಷರ ಇರಬೇಕಾದ ಜಾಗಕ್ಕೆ
ಬಿಲ್ಲೆ ಹಿಡಿದು ನೋಡಿದೆ. ಒಪ್ಪಿತು. ತೆಗೆದೆ.
ಒಳಜೇಬಿನ ಪದರದಲ್ಲಿಟ್ಟು ಮತ್ತೆ ಹೊಲಿದುಬಿಟ್ಟೆ,
ಈ ಸಲ ಗೊತ್ತಿದ್ದೇ.
ಹಿಡಿಗೆ ತೊಗಲು ಸಾಲದೆ ಎಜಮಾನರ ಬೆಲ್ಟು ಸೀಳಿದೆ.
ಐದು ತೂತೂ ಹಾಗೇ ಇವೆ,
ಅವರ ಹೊಟ್ಟೆ ಬೆಳೆದ ಲೆಕ್ಕ.

ಭಾನುವಾರ ರಜೆ. ಮೈಸೂರಲ್ಲಿ ನಾದಿನಿ ಮಗುವಿಗೆ ಹೆಸರಿಡುವುದು.
ಕಂಡಕ್ಟರು ಹೊಸ ಹುಡುಗ, ಗುರುತು ಹಿಡಿಯಲಿಲ್ಲ,
ಸೀರೆಯುಟ್ಟರೆ ಯಾರೂ ಹಿಡಿಯುವುದಿಲ್ಲ.
ಆಧಾರ್ ನೋಡಿ ಸೊನ್ನೆ ಟಿಕೆಟ್ ಕೊಟ್ಟ.
ಹೊಸ ಚೀಲಕ್ಕೆ ಬಿದ್ದ ಮೊದಲ ಕಾಗದ ಅದು.
ಪಕ್ಕದ ಸೀಟು ಖಾಲಿಯಿತ್ತು.
ಕೂರಿಸಿದೆ.
ಬಾಯಿ ನೆಟ್ಟಗೆ ಮುಚ್ಚುವುದಿಲ್ಲ ಅದರದು,
ತುಸು ಎಡಕ್ಕೆ ವಾಲುತ್ತದೆ, ಆದರೂ ಕೂತಿತ್ತು
ಇಂಡುವಾಳಿನಲ್ಲಿ ಸೊಪ್ಪಿನ ಕುಕ್ಕೆ ಹೊತ್ತ ಮುದುಕಿ ಹತ್ತುವ ತನಕ.

ಯಾರೂ ಹೇಳುವ ಮೊದಲೇ ಎತ್ತಿಕೊಂಡೆ.
ಮುದುಕಿ ಒಂದು ಬೆರಳಲ್ಲಿ ಸವರಿ ನೋಡಿ
"ಎಷ್ಟು ಕೊಟ್ಟವ್ವ?" ಅಂದಳು.

ಐದು ರೂಪಾಯಿ, ಅಂದೆ.

ಅವಳೂ ನಂಬಲಿಲ್ಲ.