ಅಂವ ಈಗ ಕುಂಟಂಗಿಲ್ಲ

ಏಳನೇ ಭಾಗ ಬಂದದಂತ
ಲಾಡ್ಲೆಸಾಬ ಫೋನ್ ಮಾಡಿದ.
ಶಹಾಬಾದದಿಂದ ಕಲಬುರಗಿಗೆ ಪ್ಯಾಸೆಂಜರ ಗಾಡಿ,
ಅರವತ್ತಕ್ಕ ಬಂದ ಇಬ್ಬರು ಗಂಡಸರು
ಕಿಟಕಿ ಸೀಟಿಗೆ ಜಗಳಾಡಿಕೋತ ಹೋದಿವಿ.

ಮೊದಲನೇದು ನೋಡಿದಾಗ ನಮಗ ಹದಿನಾರು.
ನೂರಾನಿ ಟಾಕೀಸಿನ ನೆಲ ನಮ್ಮೂರ ಫರ್ಸಿದೇ,
ಲಾಡ್ಲೆಸಾಬನ ಅಪ್ಪ ಕಡದು ಹಾಸಿದ್ದು.
ಅದಕ್ಕ ಇಂವ
"ನಮ್ಮ ಮನ್ಯಾಗೇ ಕುಂತೀವಿ ತಗೋ" ಅಂತ ಕಾಲು ಚಾಚತಿದ್ದ,
ಮುಂದಿನವರು ಬಯ್ಯತಿದ್ದರು.

ಆವತ್ತು ಪರದೆ ಮ್ಯಾಲ
ಎದುರಿಗೆ ಬರೇ ಮೂರು ಮಂದಿ, ನೂರಲ್ಲ.
ಅಂವ ಮಾಳಿಗಿ ಮ್ಯಾಲಿಂದ ಜಿಗಿದ.
ಜಿಗಿದಾಂವ ಏಳಲಿಲ್ಲ.
ಟಾಕೀಸು ಗಪ್ಪಾತು,
ಭಜಿ ಮಾರಾಂವ ಸೈತ ಬುಟ್ಟಿ ಕೆಳಗಿಟ್ಟ.
ಆಮ್ಯಾಲೆ ಎದ್ದ.
ಬಲಗಾಲು ಎಳಕೋತ ಎಳಕೋತ
ಉಳಿದ ಒಂದು ತಾಸು ಕುಂಟಿಕೋತ ಹೊಡದಾಡಿದ,
ಹಾಡಿನ್ಯಾಗೂ ಕುಂಟಿದ.
ಅವರವ್ವ ಅರಿಶಿಣ ಬಿಸಿ ಮಾಡಿ ಹಚ್ಚುವಾಗ
ಹಲ್ಲು ಕಚ್ಚಿ,
"ಸಾವಕಾಶ ಯವ್ವಾ" ಅಂದ.

ಮರುದಿನ ಶಹಾಬಾದ ಪೂರಾ ಕುಂಟಿತು.
ಸಾಲಿಗೆ ಕುಂಟಿಕೋತ, ನಳಕ್ಕ ಕುಂಟಿಕೋತ,
ಲೆಕ್ಕದ ಮಾಸ್ತರ ಎರಡು ಬಾರಿಸಿದ ಮ್ಯಾಲ
ಖರೇನೇ ಕುಂಟಿಕೋತ.

ಎರಡನೇ ಭಾಗದಾಗ ಒಂದು ಬೆರಳು ಕಳಕೊಂಡ.
ನಾಕನೇದರಾಗ ಆ ಬೆರಳು ಹೆಂಗೋ ತಿರುಗಿ ಬಂದಿತ್ತು.
ಎಣಿಸಿದವರು ನಾವಿಬ್ಬರೇ ಇರಬೇಕು.
ಅದೇ ವರ್ಷ ಖಣಿಯೊಳಗ ಕಲ್ಲು ಜಾರಿ
ಲಾಡ್ಲೆಸಾಬನ ಎಡಗೈದು ಎರಡು ಹೋಗಿದ್ವು.
"ನಂದು ಬರವಲ್ವಲ್ಲೋ" ಅಂದ.
ನಗತಾನೇನೋ ಅಂತ ಕಾದೆ. ನಗಲಿಲ್ಲ.
ಸಿನೆಮಾ ಅದು, ಬಿಡೋ, ಅಂದೆ.
ಐದಕ್ಕ ಹೋದಿವಿ. ಆರಕ್ಕೂ ಹೋದಿವಿ.
ಬೈಕೋತ ಹೋಗೂದು, ಬೈಕೋತ ಬರೂದು,
ವಾಡಿ ಸ್ಟೇಶನ್ನಿನ ಚಹಾ ಕುಡದಂಗ.

ಏಳನೇದರಾಗ ಅಂವ
ವಿಮಾನದಿಂದ ಬಿದ್ದ.
ಅವನ ಮ್ಯಾಲೆ ಕಾರು ಬಿತ್ತು, ಕಾರಿನ ಮ್ಯಾಲೆ ಸೇತುವಿ ಬಿತ್ತು.
ಎದ್ದು, ಕೋಟಿನ ಧೂಳು ಝಾಡಿಸಿ,
ಕನ್ನಡಕ ಹಾಕ್ಕೊಂಡ.
ಹುಡುಗರು ಸೀಟಿ ಹೊಡದರು. ಕುರ್ಚಿ ಸೈತ ಗಡಗಡ ನಡುಗಿದ್ವು.
ಲಾಡ್ಲೆಸಾಬನ ಕಡಿ ನೋಡಿದೆ.
ಎ.ಸಿ. ಥಂಡಿಗೆ ಮೂರು ಬೆರಳಿನ ಕೈ ಬಗಲಾಗ ಇಟಕೊಂಡು
ಕಣ್ಣು ಮುಚ್ಚಿ ಕುಂತಿದ್ದ.
ನಿದ್ದಿ ಹತ್ತಿರಲಿಲ್ಲ.

ಅಲ್ಲೋ ಶೂರಾ,
ನಿನಗೂ ಅರವತ್ತೈದು ದಾಟಿರಬೇಕು.
ಮಾರಿ ಮ್ಯಾಲಿನ ಗೆರಿ ಯಾರು ಒರಸಿದರು?
ಒಮ್ಮೆಯರೆ ಮೆಟ್ಟಲ ಹತ್ತುವಾಗ ತೇಕು.
ಒಮ್ಮೆಯರೆ ಮೊಣಕಾಲು ಹಿಡಕೊಂಡು
ಕಟ್ಟಿ ಮ್ಯಾಲ ಕೂಡು, ನಾವು ಕೂಡತೀವಲ್ಲ, ಹಂಗ.
ನೀ ಗೆಲ್ಲೂದು ಪೋಸ್ಟರಿನ್ಯಾಗೇ ಗೊತ್ತಿತ್ತು.
ಸಾವಕಾಶ ಯವ್ವಾ ಅಂದಿದ್ದಿ ನೋಡು,
ನಾವು ರೊಕ್ಕ ಕೊಟ್ಟಿದ್ದು ಅದಕ್ಕ.

ಹೊರಗ ಬಂದಾಗ ಓಡೂ ಮೆಟ್ಟಲಕ್ಕ ಅಂಜಿ
ನಿಂತ ಮೆಟ್ಟಲ ಇಳದಿವಿ,
ಕಟಾಂಜನ ಹಿಡಕೊಂಡು, ಒಂದೊಂದೇ.
ಥಳಥಳ ಹೊಳಿಯೂ ನೆಲಾ ಚಪ್ಪಲಿಲೆ ಬಡದು ನೋಡಿ
"ನಮ್ಮ ಕಲ್ಲಲ್ಲ" ಅಂದ ಲಾಡ್ಲೆಸಾಬ.
ಇಡೀ ದಿನದಾಗ ಅಂವ ಸಿನೆಮಾಕ್ಕ ಬರೆದ ಷರಾ ಅದೊಂದೇ.

ಸ್ಟೇಶನ್ನಿನ್ಯಾಗ ಗಾಡಿ ನಲವತ್ತು ನಿಮಿಷ ಲೇಟು.
ಫರ್ಸಿ ಬೆಂಚು. ಕೈಲೆ ಒರಸಿ ಕುಂತ.
"ಕಡೀಕ ತೋರಿಸಿದರಲ್ಲ, ಎಂಟನೇದೂ ಅದ."
ಹೂಂ.
"ಯಾವಾಗಂತ?"
ಮೂರು ವರ್ಷಕ್ಕ.
ಎಡಗೈ ಹೊರಗ ತಗದು
ಒಂದೊಂದೇ ಮಡಚಿ ಎಣಿಸಿದ.
ಬರೋಬ್ಬರಿ ಆತು.