ಹದಿನಾಲ್ಕರ ಒಂದು

ಅಮಿಸ್ಸಾ ಮಾಸ್ತರರೇ,
ಎಪ್ಪತ್ತೊಂದನೇ ನಿಮಿಷಕ್ಕೆ ಕೆಂಪು ಕಾರ್ಡು ಎತ್ತಿ ಹಿಡಿದಿರಲ್ಲ,
ಗೋಲಿಗೆ ಹೊರಟ ಚೆಂಡನ್ನು ತಡೆದ ಕೈ
ನನ್ನದಲ್ಲ.

ಹರ್ಮಟ್ಟಾನ್ ಧೂಳು ಬೆಳಗಿನಿಂದಲೇ ಎದ್ದಿತ್ತು, ಒಪ್ಪಿದೆ.
ಎಲ್ಮಿನಾದ ದಡಕ್ಕೆ ಕಟ್ಟಿದ ದೋಣಿಗಳೇ ಕಾಣುತ್ತಿರಲಿಲ್ಲ,
ಇನ್ನು ನಾನೋ ಅಣ್ಣನೋ ಹೇಗೆ ಕಂಡೀತು.
ಪಾನ್ಯಿನ್ ಅವನು, ಕಾಕ್ರಾ ನಾನು.
ಹೆಸರಿಟ್ಟವರಿಗೂ ಅಷ್ಟೇ ವ್ಯತ್ಯಾಸ ಸಿಕ್ಕಿದ್ದು: ದೊಡ್ಡದು, ಚಿಕ್ಕದು.
ಅವನ ಬೆನ್ನಿಗೆ ನಾಲ್ಕು, ನನ್ನ ಬೆನ್ನಿಗೆ ಹದಿನಾಲ್ಕು.
ಹದಿನಾಲ್ಕರ ಒಂದು, ನೀವೇ ಹೊಲಿದದ್ದು,
ಮೂರನೇ ಒಗೆತಕ್ಕೇ ಕಿತ್ತುಹೋಯಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಹಳೇ ಮಾತು.
ಎರಡೂ ಒಂದೇ ಬಣ್ಣದ ಎತ್ತಾದರೆ
ಬರೆ ಹಾಕಿದವನನ್ನು ಏನಂತ ಬಯ್ಯುವುದು?
ನಮ್ಮವರು ಬಯ್ದರು. ಬಯ್ಗುಳಕ್ಕೇನು ಬರ.
ಮೀನು ಹೊಗೆಗಿಡುವ ಅರಾಬ ಅತ್ತೆ
ಒಲೆ ಬಿಟ್ಟು ಓಡಿಬಂದು, ಸುಣ್ಣದ ಗೆರೆ ದಾಟಿ ನಿಂತು
"ಎಡಗೈ ಹೆಬ್ಬೆರಳು ನೋಡಯ್ಯಾ, ಗಾಳದ ಗಾಯ ಇರೋನು ಚಿಕ್ಕೋನು!"
ಎಂದು ಕೂಗಿದಳು.
ನೀವು ಗಡಿಯಾರ ನೋಡಿದಿರಿ.

ಅಣ್ಣ?
ಬೂಟಿನ ದಾರ ಕಟ್ಟುತ್ತಿದ್ದ.
ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದ.
ಹೊರಗೆ ನಡೆವಾಗ ಅವನ ಪಕ್ಕದಲ್ಲೇ ಹಾದೆ,
ತಲೆ ಎತ್ತಲಿಲ್ಲ.

ಮೇಲ್ಮನವಿ ಹಾಕೋಣ ಎಂದ ಕಾರ್ಯದರ್ಶಿ ಎಬೋ. ಶುಲ್ಕ ನಲವತ್ತು ಸೆಡಿ.
ಡಬ್ಬಿ ತಿರುಗಿಸಿ ಅದನ್ನೂ ಕೂಡಿಸಿ ನನ್ನ ಕೈಗಿಟ್ಟರು.
"ಆಟಗಾರನ ಗುರುತು ತಪ್ಪಿದೆ" ಎಂಬಲ್ಲಿಗೆ ಬಂದು
ಎಬೋನ ಪೆನ್ನು ನಿಂತಿತು.
ನನ್ನ ಹೆಸರು ಹೊಡೆದರೆ ಆ ಜಾಗಕ್ಕೆ
ಇನ್ನೊಂದು ಹೆಸರು ಬೇಕಲ್ಲ.
ಶನಿವಾರ ಫೈನಲ್ಲು. ಗೋಲು ಹೊಡೆಯುವವನು ಅವನು.
ಯಾರೂ ಏನೂ ಅನ್ನಲಿಲ್ಲ.
ನಾನೇ ಕಾಗದ ಮಡಚಿ ಜೇಬಿಗಿಟ್ಟೆ.

ನಿಮಗೆ ನೆನಪಿರಲಾರದು. ಶಾಲೆ ಸೇರುವ ವರ್ಷ
ಅಮ್ಮ ನಮ್ಮಿಬ್ಬರನ್ನೂ ನಿಮ್ಮ ಅಂಗಡಿಗೆ ತಂದಳು.
ಟೇಪು ಹಿಡಿದು ಅಣ್ಣನ ಭುಜ, ಎದೆ, ತೋಳು ಅಳೆದಿರಿ,
ಚೀಟಿಯಲ್ಲಿ "ಎರಡು" ಎಂದು ಬರೆದುಕೊಂಡಿರಿ,
ಮುಂದಿನ ಗಿರಾಕಿಯನ್ನು ಕರೆದಿರಿ.
ನಾನು ತೋಳು ಚಾಚಿಕೊಂಡು ನಿಂತೇ ಇದ್ದೆ.
ಆ ಅಂಗಿ ಕಂಕುಳಲ್ಲಿ ಹಿಡಿಯುತ್ತಿತ್ತು, ಮಾಸ್ತರರೇ.
ಆಮೇಲಿನವೂ.

ಶನಿವಾರ ಗೆರೆಯಾಚೆ ಕೂತು ಅಣ್ಣನ ಹೆಸರೇ ಕೂಗುತ್ತೇನೆ,
ಅದಕ್ಕೇನು ನಿಮ್ಮ ಅಪ್ಪಣೆ ಬೇಡ.
ಸೋಮವಾರ ಅಂಗಡಿ ತೆರೆದಿರಿ.
ಕಟ್ಟದೆ ಉಳಿದ ನಲವತ್ತು ಸೆಡಿ ತರುತ್ತೇನೆ,
ಎಷ್ಟು ಬಟ್ಟೆ ಬರುತ್ತೋ ಅಷ್ಟೇ ಬರಲಿ.
ಅಳೆಯಿರಿ.
ಎಡತೋಳಿನಿಂದ ಶುರುಮಾಡಿ.