ಗಾಳಿ ಒಯ್ದದ್ದರ ಲೆಕ್ಕ

ಪುಂತಾ ಅರೇನಸ್ಸಿನ ಸುಂಕವಿಲ್ಲದ ಬಜಾರಿನಲ್ಲಿ
ನಾನು ನೆನಪು ಮಾರುತ್ತೇನೆ.
ಹೀಗಂದರೆ ಮಾಲೀಕ ಮ್ಲಾದೆನ್ ಗದರುತ್ತಾನೆ:
'ಡಬ್ಬಿ ಮಾರು, ಸಾಕು.'

ಆಕೆ ಬಂದದ್ದು ಜಲಸಂಧಿಯ ಆಚೆಯ ಪೊರ್ವೆನೀರಿನಿಂದ,
ಮಧ್ಯಾಹ್ನದ ಹಡಗಿಗೆ.
ಉಣ್ಣೆಯ ಟೋಪಿ, ಗಲ್ಲದ ಕೆಳಗೆ ಎರಡು ಗಂಟು,
ಕಂಕುಳಲ್ಲಿ ಕಂಬಳಿ ಸುತ್ತಿದ ಲ್ಯಾಪ್‌ಟಾಪು.
ಎರ್ಮಿಂದಾ ಓಯಾರ್ಸುನ್, ಎಂದರು ಕೇಳುವ ಮೊದಲೇ,
ರಸೀದಿಗೆ ಬೇಕಾಗುತ್ತದೆಂದು.

'ರಾತ್ರಿಯೆಲ್ಲ ಕಟಕಟ ಅನ್ನುತ್ತೆ,
ನಿದ್ದೆಯಲ್ಲಿ ಹಲ್ಲು ಕಡಿಯುವ ಮಗುವಿನ ಹಾಗೆ.
ಸಾಯುವ ಮುಂಚೆ ಒಳಗಿನದ್ದು ಈಚೆಗೆ ಬರಬೇಕು.'
ಒಳಗೇನಿದೆ? ಫೋಟೋನಾ, ಸಿನಿಮಾನಾ?
'ಗಾಳಿ.'

ಹತ್ತೊಂಬತ್ತು ವರ್ಷ, ದಿನಾ ಸಂಜೆ ಒಂದೊಂದು ಸಾಲು:
ಗಾಳಿ ಇವತ್ತು ಏನನ್ನು ಒಯ್ದಿತು, ಎಷ್ಟು ಹೊತ್ತಿಗೆ, ಯಾವ ಕಡೆಗೆ.
ಬಟ್ಟೆಯ ಕ್ಲಿಪ್ಪು ನಾಲ್ಕು, ಮೂಡಣಕ್ಕೆ.
ಪಕ್ಕದ ಮನೆ ಬೌದಿಲಿಯೋನ ಬಕೆಟ್ಟು. ಅವನಿಗೆ ಹೇಳಿಲ್ಲ.
ಕೋಳಿಗೂಡಿನ ತಗಡು. ಕೋಳಿ ಕೂತಲ್ಲೇ ಕೂತಿತ್ತು.
ಸ್ಮಶಾನದಲ್ಲಿ, ಪಾದ್ರಿಯ ಮಾತಿನ ಕೊನೆಯರ್ಧ.
ಒಂದು ಪೆನ್‌ಡ್ರೈವು, ಇದೇ ಲೆಕ್ಕದ ನಕಲು ಇದ್ದದ್ದು.
ಜೂನಿನ ಒಂದೇ ಒಂದು ದಿನ ಹುಲ್ಲುಕಡ್ಡಿ ಅಲುಗಲಿಲ್ಲವಂತೆ;
ಏನು ಬರೆಯಲೂ ತೋಚದೆ
'ಎಲ್ಲ ಇದೆ'
ಎಂದು ಬರೆದು ದೀಪ ಆರಿಸಿದರಂತೆ.

ಮೋಡದಲ್ಲಿ ಇಡಬಹುದು, ಈಗ ಎಲ್ಲರೂ ಅಲ್ಲೇ ಇಡುತ್ತಾರೆ, ಅಂದೆ.
ಕಿಟಕಿಯಾಚೆ ನೋಡಿದರು.
'ಈ ಊರಲ್ಲಿ ಮೋಡ ಒಂದು ಗಳಿಗೆ ನಿಂತದ್ದು ಕಂಡಿದ್ದೀಯೇನಪ್ಪಾ?'

ಗಾಜಿನ ಮೇಲೆ ಎರಡು ಡಬ್ಬಿ ಇಟ್ಟೆ.
ಇದು ಅಗ್ಗದ್ದು. ತಟ್ಟೆ ತಿರುಗುತ್ತದೆ, ಮೇಲೊಂದು ಮುಳ್ಳು
ತಟ್ಟೆಗೆ ತಾಗದೆ
ಕೂದಲೆಳೆಗಿಂತ ತೆಳುವಾದ ಗಾಳಿಯ ಮೇಲೆ ತೇಲುತ್ತ ಓದುತ್ತದೆ.
ಕೈ ಜಾರಿದರೆ ಕತೆ ಮುಗಿಯಿತು.
ಇದರಲ್ಲಿ ತಿರುಗುವುದೇನೂ ಇಲ್ಲ, ಬಿದ್ದರೂ ಬದುಕೀತು,
ಬೆಲೆ ಎರಡರಷ್ಟು;
ಆದರೆ ವರ್ಷಗಟ್ಟಲೆ ಕರೆಂಟಿನ ಗುಟುಕಿಲ್ಲದೆ ಮೂಲೆಗೆ ಬಿದ್ದರೆ
ಮೆಲ್ಲಗೆ ಮರೆಯತೊಡಗಬಹುದು.

ಮೊದಲನೆಯದನ್ನು ಎತ್ತಿ ಕಿವಿಗಿಟ್ಟುಕೊಂಡರು.
'ಇದರೊಳಗೂ ಗಾಳಿಯೇ?'
ನಕ್ಕದ್ದು ಆಗಲೇ, ಮೊದಲ ಸಲ.
ಇದಕ್ಕಿಂತ ಚಿಕ್ಕದು ನಮ್ಮಲ್ಲಿಲ್ಲ, ಎಂದೆ ಸಂಕೋಚದಿಂದ,
ನಿಮ್ಮ ಲೆಕ್ಕಕ್ಕೆ ಇದರ ಉಗುರಷ್ಟು ಜಾಗವೂ ಬೇಡ.
'ಇರಲಿ ಬಿಡು. ಗಾಳಿಯೇನು ನಿಂತಿದೆಯೇ?'

ಯಾವುದು ಕಟ್ಟಲಿ?
'ಒಂದು ಕಣ್ಣು ಕಣ್ಣಲ್ಲ.'
ಎರಡಕ್ಕೂ ದುಡ್ಡು ಎಣಿಸಿದರು,
ಹಳೆಯ ನೋಟು, ಕ್ಲಿಪ್ಪು ಹಾಕಿದ್ದು.

ಹತ್ತೊಂಬತ್ತು ವರ್ಷ ನಕಲಾಗಲು ಹನ್ನೊಂದು ಸೆಕೆಂಡು.
'ಇಷ್ಟೇನಾ?'
ಟೋಪಿ ಸರಿಮಾಡಿಕೊಂಡು ಸುಮ್ಮನೆ ನಿಂತರು.
'ಇನ್ನೊಂದು ಸಲ ಮಾಡು. ನೋಡ್ತೀನಿ.'
ಮಾಡಿದೆ. ಮ್ಲಾದೆನ್ನೂ ಬಂದು ನೋಡಿದ.

ತಿರುಗದ್ದನ್ನು ಎದೆಯೊಳಗಿಟ್ಟುಕೊಂಡರು, ಹಡಗು ಕುಲುಕುತ್ತದಲ್ಲ.
ತಿರುಗುವುದನ್ನು ನನ್ನ ಕಡೆ ತಳ್ಳಿದರು.
'ಇದು ನೀರಿನ ಈಚೆ ಇರಲಿ, ನಿನ್ನ ಹತ್ತಿರ.
ಅಕ್ಟೋಬರಿಗೆ ಬರ್ತೀನಿ, ಹೊಸದು ತುಂಬೋಕೆ.'
ನಾನು ಯಾರು ಅವರಿಗೆ? ಹೆಸರನ್ನೂ ಕೇಳಲಿಲ್ಲ.
ಬೇಡ ಎನ್ನುವಷ್ಟರಲ್ಲಿ ಬಾಗಿಲು ತೆಗೆದಿದ್ದರು,
ಬೀದಿಯ ಹಗ್ಗ ಹಿಡಿದಿದ್ದರು.

ಆಗಲೇ ಕೈಯಿಂದ ರಸೀದಿ ಹಾರಿತು,
ಮೂರು ವರ್ಷದ ಗ್ಯಾರಂಟಿಯ ಸಮೇತ.
ಬೆನ್ನು ಹತ್ತಲಿಲ್ಲ ಅವರು.
ಗಡಿಯಾರ ನೋಡಿದರು, ಆಮೇಲೆ ಅದು ಹೋದ ದಿಕ್ಕು.

ಡಬ್ಬಿ ನನ್ನ ಡ್ರಾಯರಿನಲ್ಲಿದೆ, ಸ್ಟೇಪ್ಲರಿನ ಕೆಳಗೆ.
ಗಿರಾಕಿಗಳು ಕಡಿಮೆಯಾದಾಗ ಎಳೆದು ನೋಡುತ್ತೇನೆ,
ಅಲುಗದ ಹಾಗೆ.
ಅವತ್ತಿನ ಸಾಲು ಮಾತ್ರ ಇದರೊಳಗೆ ಇಲ್ಲ,
ಅಕ್ಟೋಬರಿನವರೆಗೆ ಬರುವುದೂ ಇಲ್ಲ.
ಬಿಲ್ಲುಪುಸ್ತಕದ ಬೆನ್ನಿಗೆ ನಾನೇ ಬರೆದಿಟ್ಟಿದ್ದೇನೆ:
ರಸೀದಿ ಒಂದು. ನಾಲ್ಕೂ ಇಪ್ಪತ್ತು. ನೀರಿನ ಕಡೆಗೆ.